ಭೂಪಟವಿಕಾರಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲು ನಿರೂಪಿಸಬೇಕೆಂಬುದು ಹಿರಿಯರ ಕಟ್ಟಳೆಯಾದುದರಿಂದ, ಪ್ರಸ್ತುತ ಪ್ರಬಂಧಕ್ಕೆ ವಿಷಯವು ಅಂತರಜಾಲದ ಭೂಪಟಗಳಿಗೆ ಕಾಲಕಾಲಕ್ಕೆ ತಗಲುವ ನವೀಕರಣವೆಂಬ ವ್ಯಾಧಿಯೆಂದೂ, ಪ್ರಯೋಜನವು ಶೂನ್ಯವೆಂದೂ, ಸಂಬಂಧವು ಆ ವ್ಯಾಧಿಗೂ ಬಳಕೆದಾರನ ರಕ್ತದೊತ್ತಡಕ್ಕೂ ಇರತಕ್ಕದ್ದೆಂದೂ, ಅಧಿಕಾರಿಯು ಯಾರೆಂಬುದು ಮುಂದೆ ನಿರ್ಣೀತವಾಗುವುದೆಂದೂ ವಾಚಕರು ತಿಳಿಯತಕ್ಕದ್ದು. ನವೀಕರಣದ ಲಕ್ಷಣಸೂತ್ರ ಹೀಗಿದೆ: ‘ಸ್ಥಿತಸ್ಯ ಚಾಲನಂ, ದೃಷ್ಟಸ್ಯ ಗೋಪನಮ್’. ನೆಲೆನಿಂತುದನ್ನು ಕದಲಿಸುವುದು, ಕಾಣುತ್ತಿದ್ದುದನ್ನು ಅಡಗಿಸುವುದು ಎಂದು ಭಾಷ್ಯ. ಸೂತ್ರಕಾರನಾರೆಂದು ಶಂಕಿಸುವವರಿಗೆ ಉತ್ತರ: ನಾವೇ.

2005ರ ಫೆಬ್ರವರಿಯಲ್ಲಿ ಅವತರಿಸಿದ ಗೂಗಲ್ ಮ್ಯಾಪ್ಸ್, ಹೆದ್ದಾರಿಗೆ ಹಳದಿ, ಒಳರಸ್ತೆಗೆ ಬಿಳಿ, ಉದ್ಯಾನಕ್ಕೆ ಹಸಿರು, ಕೆರೆಗೆ ನೀಲಿ ಎಂಬ ಕ್ರಮವನ್ನು ಬಹುಕಾಲ ಪಾಲಿಸಿಕೊಂಡು ಬಂದು, ಅದು ಜನರ ಕಣ್ಣಿಗೆ ಒಗ್ಗಿ, ಇನ್ನು ನೋಡದೆಯೇ ನೋಡಬಹುದೆಂಬ ಸಿದ್ಧಿ ಅವರಿಗೆ ಕೈಗೂಡಿದ ಮೇಲೆ, 2023ರಲ್ಲಿ ಅಕಸ್ಮಾತ್ತಾಗಿ ವೈರಾಗ್ಯವನ್ನು ತಾಳಿ ರಸ್ತೆಗಳಿಗೆಲ್ಲ ಭಸ್ಮವನ್ನು ಬಳಿಯಿತು. ನೀರಿಗೆ ಹಸಿರನ್ನು ಬೆರೆಸಿತು, ಹಸಿರಿಗೆ ನೀರನ್ನು ಬೆರೆಸಿತು.

ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, ಬೂದುಬಣ್ಣದ ಮೇಲೆ ವಾಹನಸಂದಣಿಯ ಕೆಂಪು ಹಸಿರು ಗೆರೆಗಳು ಸ್ಫುಟವಾಗಿ ತೋರುವುವಲ್ಲವೇ ಎಂದು ಆಕ್ಷೇಪಿಸುವನು. ಸಿದ್ಧಾಂತವನ್ನು ಹೇಳುತ್ತೇವೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ರಸ್ತೆಯು ಕೆಂಪಾಗಿರುವುದೆಂಬುದು ಸ್ವತಃಪ್ರಮಾಣವಾದ ಜ್ಞಾನ. ಅದನ್ನು ಎದ್ದು ಕಾಣಿಸುವ ಶ್ರಮ ಯಾರಿಗೂ ಬೇಡ. ಕಾಣಬೇಕಾದುದು ಆ ಕೆಂಪಿನಿಂದ ತಪ್ಪಿಸಿಕೊಳ್ಳುವ ಅಡ್ಡದಾರಿ. ಅದಾದರೋ ಬೂದಿಯೊಳಗೆ ಬೂದಿಯಾಗಿ ಲೀನವಾಗಿದೆ.

ಆಟೋದ ಹಿಂದಿನ ಸೀಟಿನಲ್ಲಿ ಕುಳಿತವನ ಅವಸ್ಥೆಯನ್ನು ಪರಿಶೀಲಿಸೋಣ. ಎರಡು ಬೆರಳುಗಳಿಂದ ಪಟವನ್ನು ಹಿಗ್ಗಿಸಿದರೆ, ಬೀದಿಯ ಹೆಸರಿಗೆ ಮುಂಚೆ ಬೇಕರಿ, ಸಲೂನು, ಮೊಬೈಲು ರಿಪೇರಿಯ ಚಿಹ್ನೆಗಳು ಪ್ರತ್ಯಕ್ಷವಾಗುವುವು. ಇನ್ನೂ ಹಿಗ್ಗಿಸುವಾಗ ಬೆರಳು ಬೇಕರಿಗೆ ತಾಕಿತೋ, ಕೆಳಗಿನಿಂದ ಬಿಳಿಯ ಫಲಕವೊಂದು ಮೇಲೆದ್ದು ಎಗ್ ಪಫ್ಸಿನ ಭಾವಚಿತ್ರದಿಂದ ಅರ್ಧ ಪರದೆಯನ್ನು ಮುಚ್ಚುವುದು. ಅದನ್ನು ಕೆಳಕ್ಕೆ ಸರಿಸಹೋದ ಹೆಬ್ಬೆರಳು ಪಟವನ್ನೇ ಎಳೆದು ಆಟೋವನ್ನು ಪರದೆಯ ಆಚೆಗೆ ದೂಡುವುದು. ಅಷ್ಟರಲ್ಲಿ ಚಾಲಕನು ತಲೆ ತಿರುಗಿಸದೆಯೇ ‘ಲೆಫ್ಟಾ ರೈಟಾ, ಬೇಗ ಹೇಳಿ ಸಾರ್’ ಎನ್ನುವನು. ಇದರಿಂದ ಅಧಿಕಾರಿಯ ನಿರ್ಣಯವಾಯಿತು: ದಾರಿಯನ್ನು ಮೊದಲೇ ಬಲ್ಲವನೇ ಈ ಪಟಕ್ಕೆ ಅಧಿಕಾರಿ. ಅರಿಯದವನಿಗೆ ಶಾಸ್ತ್ರವು ಬೀಡಾ ಅಂಗಡಿಯನ್ನು ವಿಧಿಸಿದೆ.

ಹೇತುವಿಚಾರಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ರಸ್ತೆ ಬದಲಾದುದರಿಂದ ಪಟ ಬದಲಾಗುವುದೆಂಬ ಲೌಕಿಕರ ನಂಬಿಕೆ ನಿರಾಧಾರವಾದುದು. ಸರಿಯಾಗಿರುವ ಪಟವು ವಿನ್ಯಾಸಕಾರನ ಸಂಬಳಕ್ಕೆ ಕುತ್ತು, ಅಷ್ಟೆ.

ಇನ್ನು ನಿದರ್ಶನ. ಬಣ್ಣಗಳನ್ನಷ್ಟೇ ಕದಲಿಸಿ ತೃಪ್ತರಾಗುವವರು ಮಂದಾಧಿಕಾರಿಗಳೆಂದೂ, ಊರುಗಳನ್ನೇ ಕದಲಿಸುವವರು ಉತ್ತಮಾಧಿಕಾರಿಗಳೆಂದೂ ಎಣಿಸುವುದಾದರೆ, ಉತ್ತಮರ ಪಂಕ್ತಿಯಲ್ಲಿ ಅಗ್ರಾಸನವು ಆಪಲ್ ಸಂಸ್ಥೆಯದು. 2012ರ ಸೆಪ್ಟೆಂಬರಿನಲ್ಲಿ ಅದು ತನ್ನ ಐಫೋನಿನಿಂದ ಗೂಗಲ್ಲಿನ ಪಟವನ್ನು ಉಚ್ಚಾಟಿಸಿ ಸ್ವಂತ ಪಟವನ್ನು ಪ್ರತಿಷ್ಠಾಪಿಸಿತು. ಅದರ ವಿಹಂಗಮದೃಶ್ಯದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯು ಬಿಸಿಲಿಗಿಟ್ಟ ಮೇಣದಂತೆ ಕರಗಿ ಕಾಣಿಸಿತು. ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಮರ್ರೆ ನದಿಯ ದಡದ ಮೇಲೆ ಸುಖವಾಗಿದ್ದ ಮಿಲ್ಡುರಾ ಪಟ್ಟಣವನ್ನು ನೂತನ ಪಟವು ಎತ್ತಿಕೊಂಡು ಹೋಗಿ, ಸುಮಾರು 70 ಕಿಲೋಮೀಟರು ದೂರದ, ನೀರಿಲ್ಲದ, ಬೇಸಗೆಯಲ್ಲಿ ತಾಪ 46 ಡಿಗ್ರಿಯನ್ನು ಮುಟ್ಟಬಲ್ಲ ರಾಷ್ಟ್ರೀಯ ಉದ್ಯಾನದ ನಡುವೆ ಇಳಿಸಿತು. ಪ್ರತ್ಯಕ್ಷಕ್ಕಿಂತ ಪಟವೇ ಬಲವತ್ತರ ಪ್ರಮಾಣವೆಂದು ನಂಬಿ ಹೊರಟ ಕೆಲವು ಪ್ರಯಾಣಿಕರು ಆ ನಿರ್ಜನದಲ್ಲಿ ಸಿಕ್ಕಿಬಿದ್ದುದರಿಂದ, ಪಟವನ್ನು ನಂಬಬೇಡಿರೆಂದು ಡಿಸೆಂಬರಿನಲ್ಲಿ ಅಲ್ಲಿಯ ಪೊಲೀಸರೇ ಸಾರಬೇಕಾಯಿತು. ಇದಕ್ಕೂ ಮುಂಚೆ, ಸೆಪ್ಟೆಂಬರ್ 28ರಂದೇ, ಸಂಸ್ಥೆಯ ಮುಖ್ಯಸ್ಥ ಟಿಮ್ ಕುಕ್ ಬಹಿರಂಗಪತ್ರ ಬರೆದು ಕ್ಷಮೆ ಯಾಚಿಸಿ, ತಮ್ಮದು ಸರಿಹೋಗುವ ತನಕ ಎದುರಾಳಿಗಳ ಪಟಗಳನ್ನು ಬಳಸಬಹುದೆಂದು, ಅವುಗಳ ಹೆಸರುಸಹಿತ ಸೂಚಿಸಿದ್ದರು. ವಾದಿಯು ತಾನೇ ಪ್ರತಿವಾದಿಯ ಗ್ರಂಥವನ್ನು ಶಿಷ್ಯರಿಗೆ ಹಂಚಿದ ಇಂತಹ ಔದಾರ್ಯವು ನಮ್ಮ ವಾಕ್ಯಾರ್ಥಸಭೆಗಳಲ್ಲಿಯೂ ವಿರಳ.

2009ರಲ್ಲಿ ಲಂಡನ್ನಿನ ಭೂಗತ ರೈಲಿನ ನಕಾಶೆಯಿಂದ ಥೇಮ್ಸ್ ನದಿಯನ್ನೇ ಅಳಿಸಿದ್ದೂ, ಮೇಯರ್ ಬೋರಿಸ್ ಜಾನ್ಸನ್ನರ ಭಗೀರಥಪ್ರಯತ್ನದಿಂದ ವರ್ಷಾಂತ್ಯಕ್ಕೆ ಅದು ಮತ್ತೆ ಹರಿದದ್ದೂ ಇಲ್ಲಿ ಸ್ಮರಣೀಯವಾದರೂ, ಕಾಗದದ ಪಟವು ನಮ್ಮ ಪ್ರಕರಣಕ್ಕೆ ಹೊರಗಾದುದರಿಂದ ವಿಸ್ತರಿಸೆವು.

ಆದರೆ ಕಾಗದದ ಮಾತು ಬಂದುದರಿಂದ ಒಂದನ್ನು ಹೇಳದೆ ವಿಧಿಯಿಲ್ಲ. 1767ರಲ್ಲಿ ಸ್ಥಾಪಿತವಾದ ಸರ್ವೆ ಆಫ್ ಇಂಡಿಯಾದ ಟೋಪೊ ನಕಾಶೆಯಲ್ಲಿ ಸಾಗುವಳಿಗೆ ಹಳದಿ, ಕಾಡಿಗೆ ಹಸಿರು, ವಸತಿಗೂ ರಸ್ತೆಗೂ ಕೆಂಪು, ಸಮೋನ್ನತಿ ರೇಖೆಗಳಿಗೆ ಕಂದು, ನೀರಿಗೆ ನೀಲಿ, ಬತ್ತಿದ ಹಳ್ಳಕ್ಕೆ ಕಪ್ಪು. ತಂದೆಯು ಭೂಗೋಳದ ಪರೀಕ್ಷೆಗೆ ಉರುಹಚ್ಚಿದ ಬಣ್ಣಗಳೇ ಮಗನಿಗೂ ನಡೆಯುತ್ತವೆ. ಹಳ್ಳದಲ್ಲಿ ನೀರಿಲ್ಲವೆಂಬುದನ್ನೂ ಒಂದು ಗೆರೆಯಲ್ಲಿ ಹೇಳಿಬಿಡುವ ಆ ನಕಾಶೆಯು ಎಗ್ ಪಫ್ಸಿನ ವಿಷಯದಲ್ಲಿ ಮೌನವಾಗಿರುವುದೂ ಗುಣವೇ ಸರಿ. ಆದರೇನು, ಗಾಂಧಿಬಜಾರಿನ ಯಾವ ಬೀದಿ ಏಕಮುಖವೆಂಬುದನ್ನು ಅದು ಅರಿಯದು. ಮುಂದಿನ ತಿರುವಿನಲ್ಲಿ ರಸ್ತೆ ಅಗೆದಿದ್ದರೆ ಎಚ್ಚರಿಸದು. ಆದುದರಿಂದ ಟೋಪೊ ನಕಾಶೆಯನ್ನು ಮೇಜಿನ ಮೇಲೆ ಹರಡಿಕೊಂಡು ಈ ಮೀಮಾಂಸೆಯನ್ನು ರಚಿಸಿದವನು ಕೂಡ, ಹಸ್ತಪ್ರತಿಯನ್ನು ಪತ್ರಿಕೆಯ ಕಛೇರಿಗೆ ಮುಟ್ಟಿಸಲು ಹೊರಡುವಾಗ ಬೂದುಬಣ್ಣದ ಪಟವನ್ನೇ ತೆರೆದು, ಬಸ್ಸಿನ ಮಾರ್ಗವನ್ನು ತೋರಿಸುವ ಗುಂಡಿಯನ್ನು ಈ ಸಲ ಎಲ್ಲಿಟ್ಟಿರುವರೆಂದು ಹುಡುಕುತ್ತಿದ್ದಾನೆ.