ಪುರೋಹಿತರ ನಿರಂತರ ವೃತ್ತಿ ತರಬೇತಿ: ಒಂದು ಮೀಮಾಂಸೆ

ವಿಷಯ

ವೈದ್ಯರಿಗೆ, ಮೇಷ್ಟ್ರಿಗೆ, ಬ್ಯಾಂಕಿನವರಿಗೆ ಕಾಲಕಾಲಕ್ಕೆ ಪುನಶ್ಚೇತನ ಶಿಬಿರಗಳುಂಟು. ಆಸ್ಟ್ರೇಲಿಯಾದಲ್ಲಂತೂ ಮದುವೆ ಮಾಡಿಸಲು ಸರ್ಕಾರದಲ್ಲಿ ಹೆಸರು ನೋಂದಾಯಿಸಿಕೊಂಡವರಿಗೂ 2003ರ ಸುಧಾರಣೆಯಿಂದೀಚೆಗೆ ವೃತ್ತಿ ತರಬೇತಿ ಕಡ್ಡಾಯ. ನಮ್ಮ ಪುರೋಹಿತರು ಮಾತ್ರ ಪಾಠಶಾಲೆಯಲ್ಲಿ ಕಲಿತಷ್ಟರಲ್ಲೇ ಕಾಲ ಹಾಕುತ್ತಿದ್ದಾರೆ. ಮಂತ್ರ ಬದಲಾಗಿಲ್ಲ, ನಿಜ, ಮಂಟಪ ಬದಲಾಗಿದೆ. ವಧು, ವರ, ಅಗ್ನಿಗಳ ಜೊತೆಗೆ ಈಗ ಕ್ಯಾಮೆರಾ ಎಂಬ ನಾಲ್ಕನೆಯ ತತ್ತ್ವ ಸೇರಿದೆ. ಅದರ ಬಗ್ಗೆ ಗೃಹ್ಯಸೂತ್ರಗಳು ತುಟಿ ಬಿಚ್ಚಿಲ್ಲ. ಆ ಕೊರತೆ ನೀಗುವುದೇ ಈ ಪ್ರಬಂಧದ ಘನ ಉದ್ದೇಶ.

ಪರಿಭಾಷೆ

ಮುಹೂರ್ತ: ಶಾಸ್ತ್ರದ ಲೆಕ್ಕದಲ್ಲಿ ಎರಡು ಘಳಿಗೆ, ಅಂದರೆ 48 ನಿಮಿಷ. ಛತ್ರದ ಲೆಕ್ಕದಲ್ಲಿ, ಹುಡುಗಿ ಮೇಕಪ್ ಮುಗಿಸಿ ಹೊರಬಂದ ಸಮಯ.

ಅಂತರಪಟ: ವಧೂವರರು ಪರಸ್ಪರ ಮುಖ ನೋಡುವ ತನಕ ನಡುವೆ ಹಿಡಿಯುವ ಬಟ್ಟೆ. ಗೋಕರ್ಣದ ಕಡಲತೀರದಲ್ಲಿ ಪ್ರೀ-ವೆಡ್ಡಿಂಗ್ ವಿಡಿಯೊ ಮುಗಿಸಿ ಬಂದವರ ನಡುವೆಯೂ ಹಿಡಿಯತಕ್ಕದ್ದು.

ಕ್ಯಾಂಡಿಡ್: ಗೊತ್ತಿಲ್ಲದಂತೆ ತೆಗೆದದ್ದೆಂದು ಕಾಣಲು ಮೂರು ಸಲ ಹೇಳಿಕೊಟ್ಟು ತೆಗೆಯುವ ಚಿತ್ರ.

ಗಟ್ಟಿಮೇಳ: ತಾಳಿ ಕಟ್ಟುವಾಗ ಅಪಶಬ್ದ ಕಿವಿಗೆ ಬೀಳದಿರಲೆಂದು ಮೊಳಗಿಸುವ ವಾದ್ಯ. "ಗುರುಗಳೇ, ಫ್ರೇಮಿಗೆ ಅಡ್ಡ ಬರ್ತಿದೀರಿ" ಎಂಬ ಕೂಗನ್ನೂ ಅಡಗಿಸುತ್ತದೆ.

ಸಂಶಯ

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ, ಸಪ್ತಪದಿಯ ಪದ್ಧತಿ ಇರುವಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ಹಿಂದೂ ಮದುವೆ ಬರೀ ಹಾಡಿ ಕುಣಿದು ತಿಂದು ಕುಡಿಯುವ ಸಮಾರಂಭವಲ್ಲ, ವಿಧಿಗಳು ನಡೆಯಲೇಬೇಕು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು; ಆ ಪೀಠದಲ್ಲಿ ನಮ್ಮ ನ್ಯಾ. ಬಿ.ವಿ. ನಾಗರತ್ನ ಅವರಿದ್ದರು.

ಇನ್ನು ಪ್ರಯೋಗಕ್ಕೆ ಬರೋಣ. ವರ ಬಗ್ಗಿ, ವಧುವಿನ ಬಲಗಾಲಿನ ಹೆಬ್ಬೆರಳು ಹಿಡಿದು ಏಳನೆಯ ಅಕ್ಕಿಗುಡ್ಡೆಯ ಮೇಲಿಟ್ಟ. ಮಂತ್ರ ಮುಗಿಯಿತು. ಎದುರಿಗೆ ಮೊಣಕಾಲೂರಿದ್ದ ಫೋಟೊಗ್ರಾಫರ್ ಕ್ಯಾಮೆರಾದ ಪರದೆ ನೋಡಿ ತಲೆಯಾಡಿಸಿದ: "ಸರ್, ಫೋಕಸ್ ಸಿಗ್ಲಿಲ್ಲ. ಏಳನೇದು ಇನ್ನೊಂದ್ಸಲ."

ಘೋರ ಸಂಶಯ ಹುಟ್ಟುವುದು ಇಲ್ಲೇ. ಅದೇ ಕಾಯ್ದೆಯ 5ನೇ ಕಲಮಿನಂತೆ, ಮದುವೆಯ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಬದುಕಿರುವ ಸಂಗಾತಿ ಇರಕೂಡದು. ಈ ವರನಿಗಾದರೋ ಅರ್ಧ ನಿಮಿಷದ ಹಿಂದೆ ಹೆಂಡತಿಯಾದವಳು ಬದುಕಿದ್ದಾಳೆ. ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಾಳೆ. ಎರಡನೆಯ ಟೇಕಿಗೆ ಒಪ್ಪಿದರೆ ದ್ವಿಪತ್ನಿತ್ವ, ಅದೂ ಒಬ್ಬಳೇ ಹೆಂಡತಿಯಿಂದ! ಕಾಲು ಹಿಂದೆಗೆದು ಆರನೆಯ ಗುಡ್ಡೆಗೆ ಬಂದರೆ ಅದನ್ನು ವಿಚ್ಛೇದನ ಎನ್ನೋಣವೇ? ಹಾಗಾದರೆ ಸಾಮಾನ್ಯವಾಗಿ ವರ್ಷ ತುಂಬದೆ ಅರ್ಜಿ ಹಾಕುವಂತಿಲ್ಲ ಎನ್ನುವ 14ನೇ ಕಲಮಿನ ಗತಿಯೇನು? ಪುರೋಹಿತರು ಇಷ್ಟನ್ನೆಲ್ಲ ಲೈಟು ಆರುವುದರೊಳಗೆ ತೀರ್ಮಾನಿಸಬೇಕು.

ಪಠ್ಯಕ್ರಮ

ಮೊದಲ ಪತ್ರಿಕೆ, ಧೂಮನಿರ್ವಹಣೆ. ಎಸಿ ಹಾಲಿನಲ್ಲಿ ಅಗ್ನಿ ಸಾಕ್ಷಿ ನುಡಿಯಬೇಕು, ಸೀಲಿಂಗಿನ ಅಲಾರಂ ನುಡಿಯಬಾರದು. ಎಷ್ಟು ತುಪ್ಪಕ್ಕೆ ಎಷ್ಟು ಹೊಗೆ ಎಂಬ ಲೆಕ್ಕ ಇಲ್ಲಿ ಕಡ್ಡಾಯ.

ಎರಡನೆಯ ಪತ್ರಿಕೆ, ಹಗಲಿನ ಖಗೋಳಶಾಸ್ತ್ರ. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನಿಗೆ ಅಂಟಿಕೊಂಡಿರುವ ಮಂಕು ನಕ್ಷತ್ರ ಅರುಂಧತಿ. ಅದನ್ನು ಮಟಮಟ ಮಧ್ಯಾಹ್ನ, ಛತ್ರದ ಫ್ಯಾನಿನ ದಿಕ್ಕಿಗೆ ಬೆರಳು ಮಾಡಿ ತೋರಿಸಬೇಕು. "ಕಾಣಿಸ್ತಾ?" ಎಂದರೆ ಇಬ್ಬರೂ "ಹ್ಞೂಂ" ಎನ್ನುತ್ತಾರೆ. ದಂಪತಿ ಒಮ್ಮತದಿಂದ ಹೇಳುವ ಮೊದಲ ಸುಳ್ಳು ಇದಾದ್ದರಿಂದ ಪ್ರಾಯೋಗಿಕ ಪರೀಕ್ಷೆಯೂ ಉಂಟು.

ಪೂರ್ವಪಕ್ಷ

"ಪುರೋಹಿತರೇ ಏಕೆ ಬೇಕು?" ಎಂದು ಆಕ್ಷೇಪಿಸುವವರಿದ್ದಾರೆ. ಕುವೆಂಪು ಅವರ ಮಂತ್ರ ಮಾಂಗಲ್ಯವೇ ಅವರಿಗೆ ಪ್ರಮಾಣ: 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಅವರ ಮದುವೆ ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಆ ರೀತಿ ನಡೆಯಿತು. ಒಪ್ಪಿದೆವು. ಆದರೆ ಆ ವರ ಮುಂದೆ ಹಕ್ಕಿಗಳ ಫೋಟೊ ತೆಗೆದು ಹೆಸರಾದವರು ಎಂಬುದನ್ನು ಆಕ್ಷೇಪಕರು ಮರೆಯುತ್ತಾರೆ. ಹಕ್ಕಿಗೆ "ಇನ್ನೊಂದ್ಸಲ ಕೂತ್ಕೊಳ್ಳಿ" ಎನ್ನಲು ಬರುವುದಿಲ್ಲ. ಅಂಥ ಸಂಯಮವನ್ನು ಛತ್ರದ ಫೋಟೊಗ್ರಾಫರಲ್ಲಿ ನಿರೀಕ್ಷಿಸಲಾಗದು. ಆದ್ದರಿಂದ ಪುರೋಹಿತರನ್ನು ಕೈಬಿಟ್ಟ ಮಾತ್ರಕ್ಕೆ ಸಮಸ್ಯೆ ಬಗೆಹರಿಯದು.

ಸಿದ್ಧಾಂತ

ಹಾಗಿದ್ದರೆ ತರಬೇತಿ ಯಾರಿಗೆ? ಏಳು ಎಂದರೆ ಎದ್ದು, ಕೂರು ಎಂದರೆ ಕೂತು, ನಗು ಎಂದರೆ ನಗುವ ವಧೂವರರು ಯಾರ ಮಾತು ಕೇಳುತ್ತಿದ್ದಾರೆಂದು ಗಮನಿಸಿ. "ಭಟ್ರೇ, ಬೇಗ ಮುಗಿಸಿ, ಪಂಕ್ತಿಗೆ ಹೊತ್ತಾಯ್ತು" ಎಂದು ಗದರುವ ಸೋದರಮಾವ ಫೋಟೊಗ್ರಾಫರ ಎದುರು ಕೈಕಟ್ಟಿ ನಿಂತಿರುತ್ತಾನೆ. ಕರ್ಮದ ಅಧಿಕಾರ ಆಗಲೇ ಕೈ ಬದಲಾಗಿದೆ. ಪುರೋಹಿತರಿಗೆ ಕ್ಯಾಮೆರಾ ಕಲಿಸುವ ಬದಲು ಫೋಟೊಗ್ರಾಫರಿಗೆ ನಾಲ್ಕು ಮಂತ್ರ ಕಲಿಸುವುದೇ ಅಗ್ಗ ಎಂದು ಸಿದ್ಧವಾಯಿತು.

ಫಲಶ್ರುತಿ

ಇದನ್ನು ಅರ್ಧ ಓದಿದವರಿಗೆ ಎರಡನೆಯ ಪಂಕ್ತಿಯಲ್ಲಿ ಎಲೆ, ಪೂರ್ತಿ ಓದಿದವರಿಗೆ ಮೊದಲ ಪಂಕ್ತಿಯಲ್ಲೇ ಹೋಳಿಗೆ ದೊರೆಯುವುದು. ಶ್ರದ್ಧೆಯಿಂದ ಪಾರಾಯಣ ಮಾಡಿದ ಪುರೋಹಿತರಿಗೆ, ಆಲ್ಬಮ್ಮಿನ ಒಂದಾದರೂ ಚಿತ್ರದಲ್ಲಿ ಅಕ್ಷತೆ ಹಿಡಿದ ಕೈಯ ಜೊತೆಗೆ ಮುಖವೂ ಬರುವುದು.