ಅಳಿಯನ ಬಟ್ಟಲಿಗೆ ಧಾರೆ

ಅಳಿಯನ ಪಕ್ಕದಲ್ಲಿ ಕೂತು ಕುಡಿಯುವ ಯೋಗ ನನಗಿದೆಯೆಂದು ಜಾತಕ ನೋಡಿದ ಯಾವ ಜೋಯಿಸರೂ ಹೇಳಿರಲಿಲ್ಲ. ಮಗಳ ಬಾಣಂತನಕ್ಕೆಂದು ಟೋಕಿಯೋಗೆ ಹೋಗಿದ್ದೆವು. ಆ ಪುಟ್ಟ ಫ್ಲ್ಯಾಟಿನಲ್ಲಿ ಗಂಡಸರು ಎಲ್ಲಿ ಕೂತರೂ ಕಾಲಿಗೆ ಅಡ್ಡ. ‘ಇಬ್ರೂ ಒಂದು ಸುತ್ತು ಹೋಗ್ಬನ್ನಿ’ ಎಂದು ನನ್ನ ಹೆಂಡತಿಯೇ ಅಟ್ಟಿದಳು. ಇದು ದಾಖಲಾಗಿರಲಿ.

ಕಿತಾಸೆಂಜು ಸ್ಟೇಷನ್ನಿನ ಪಶ್ಚಿಮಕ್ಕೆ ಕುಡಿಯುವ ಅಂಗಡಿಗಳದೇ ಒಂದು ಓಣಿಯಿದೆ. ಅದರ ಸಂದಿಯೊಂದರಲ್ಲಿ ಬಾಗಿಲಿಗೆ ಅರ್ಧ ಪರದೆ, ಸೂರಿಗೆ ಸುಗಿ ಮರದ ಎಲೆ ಕಟ್ಟಿದ ಚೆಂಡು. ಅಕ್ಕಿಯಿಂದ ಮಾಡುವ ಮದ್ಯ ಸಾಕೆ ಹೊಸದಾಗಿ ಬಂದಾಗ ಹಸಿರಾಗಿ ತೂಗುಬಿಟ್ಟದ್ದು ಒಣಗಿ ಕಂದಾಗಿತ್ತು. ಕೂತವರ ಬೆನ್ನಿಗೆ ಹೊಟ್ಟೆ ಸವರಿಕೊಂಡೇ ಒಳಗೆ ಹೋಗಬೇಕು. ಕೌಂಟರಿನ ಆಚೆ ಎಪ್ಪತ್ತು ದಾಟಿದ ಓಕಾಮಿ-ಸಾನ್. ಮಾಲಕಿ, ಅಡುಗೆಯವರು, ಪೊಲೀಸು ಎಲ್ಲ ಅವರೇ. ಕೇಳದೆಯೇ ಒಂದೊಂದು ಬಟ್ಟಲು ಪಲ್ಯ ಬಂತು. ಅದು ಓತೋಶಿ, ನೀವು ತಿನ್ನಿ ಬಿಡಿ, ಬಿಲ್ಲಿನಲ್ಲಿ ಇರುತ್ತದೆ.

ಅಳಿಯಂದಿರು ಉಪನ್ಯಾಸ ಶುರುಮಾಡಿದರು. ‘ಮಾವ, ದೈಗಿಂಜೋ ಸಾಕೆ ಅಂದ್ರೆ ಅಕ್ಕೀನ ಅರ್ಧಕ್ಕರ್ಧ ಉಜ್ಜಿ ತೆಗೀಬೇಕು.’ ನನಗೆ ರೇಗಿತು. ಎಲೆಯಲ್ಲಿ ಒಂದು ಅಗುಳು ಬಿಟ್ಟರೆ ಬೆನ್ನಿಗೆ ಬೀಳುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ‘ಅಷ್ಟು ಉಜ್ಜದೇ ಇರೋದನ್ನ ತರಿಸಿ’ ಎಂದೆ. 40 ಡಿಗ್ರಿಗೆ ಬೆಚ್ಚಗಾದ 180 ಎಂಎಲ್‌ನ ಪಿಂಗಾಣಿ ಹೂಜಿ ಬಂತು. ಜೊತೆಗೆ ಎರಡು ಗುಟುಕಿನ ಬಟ್ಟಲು. ಮೊದಲ ಸಲ ಓಕಾಮಿ-ಸಾನ್ ಬಗ್ಗಿಸಿಕೊಟ್ಟರು. ಕುಡಿದೆವು. ಬಟ್ಟಲು ಖಾಲಿಯಾಯಿತು.

ಸಂಕಟ ಶುರುವಾದದ್ದು ಆಗ. ಅಲ್ಲಿ ನಮ್ಮ ಬಟ್ಟಲಿಗೆ ನಾವೇ ಬಗ್ಗಿಸಿಕೊಳ್ಳುವುದು ಮರ್ಯಾದೆಯಲ್ಲ; ಪಕ್ಕದವರು ಬಗ್ಗಿಸಬೇಕು. ಅಳಿಯ ಹೂಜಿ ಎತ್ತಿದರೆ ಮಾವನಿಗೆ ಕುಡಿಸಿದ ಅಳಿಯನಾಗುತ್ತಾನೆ. ನಾನು ಎತ್ತಿದರೆ ಮಗಳ ಗಂಡನನ್ನು ಕೆಡಿಸಿದ ಮಾವನಾಗುತ್ತೇನೆ. ಇಬ್ಬರೂ ಹೂಜಿ ಬಿಟ್ಟು ಮಿಕ್ಕೆಲ್ಲವನ್ನೂ ನೋಡಿದೆವು. ಗೋಡೆಯ ಮೇಲಿನ ಜಪಾನಿ ಮೆನುವನ್ನು ನಾನು ಸಾಲು ಸಾಲಾಗಿ ಓದಿದೆ, ಒಂದಕ್ಷರ ಬಾರದು. ಅಳಿಯಂದಿರು ಫೋನು ತೆಗೆದು ಬೆಂಗಳೂರಿನ ಹವಾಮಾನ ನೋಡಿ, ‘ಅಲ್ಲಿ ಮಳೆಯಂತೆ’ ಎಂದರು. ‘ಆಗ್ಲಿ, ಕೆರೆ ತುಂಬಲಿ’ ಎಂದೆ. ಬಟ್ಟಲು ತುಂಬಲಿಲ್ಲ. ನಾನು ಖಾಲಿ ಬಟ್ಟಲನ್ನೇ ಎತ್ತಿ ಹೀರಿದ ಹಾಗೆ ಮಾಡಿ, ‘ಚೆನ್ನಾಗಿದೆ’ ಎಂದು ತಲೆದೂಗಿದೆ. ಅಳಿಯಂದಿರೂ ತಮ್ಮ ಖಾಲಿ ಬಟ್ಟಲು ಹೀರಿ ‘ಹೌದು ಮಾವ’ ಎಂದರು.

ಓಕಾಮಿ-ಸಾನ್ ಸೌಟು ಕೆಳಗಿಟ್ಟರು. ಹೂಜಿಯನ್ನು ನನ್ನ ಕೈಗೆ ತುರುಕಿ, ಗದ್ದದಿಂದಲೇ ಅಳಿಯನನ್ನು ತೋರಿಸಿದರು. ನಾನು ಬಗ್ಗಿಸಿದೆ. ಅಳಿಯಂದಿರು ಸ್ಟೂಲಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ತಲೆ ತಗ್ಗಿಸಿದರು. ಚೌಟ್ರಿಯಲ್ಲಿ ಧಾರೆ ಎರೆಸಿಕೊಂಡಾಗಲೂ ಇಷ್ಟು ಭಕ್ತಿ ಇರಲಿಲ್ಲ. ವಾಲಗವೊಂದು ಕಮ್ಮಿ.

ಎರಡನೇ ಹೂಜಿಯೂ ಮುಗಿದು ನಾನು ಧಾರಾಳವಾಗಿ ಬೆರಳೆತ್ತಿದಾಗ ಬಂದದ್ದು ಎರಡು ಲೋಟ ನೀರು. ಓಕಾಮಿ-ಸಾನ್ ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದರು. ಕಾಸು ಕೊಡುವವನಿಗೇ ಇಲ್ಲವೆನ್ನಲು ಇವರು ಯಾರು ಎಂದು ಸಿಟ್ಟು ಬಂತು. ಬೆನ್ನಿಗೇ ಚಿಕ್ಕಪ್ಪ ನೆನಪಾದ. ಅವನ ಗದ್ದೆ ಒಂದೊಂದೇ ತುಂಡಾಗಿ ಸಾರಾಯಿ ಅಂಗಡಿ ಸೇರಿತ್ತು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವ ಹೊತ್ತಿಗೆ ಗದ್ದೆಯೂ ಇರಲಿಲ್ಲ, ಚಿಕ್ಕಪ್ಪನೂ ಇರಲಿಲ್ಲ. ಆ ಅಂಗಡಿಯಲ್ಲಿ ಅವನ ಮುಂದೆ ನೀರಿನ ಲೋಟ ಇಟ್ಟವರು ಯಾರೂ ಇಲ್ಲ.

ನೀರು ಕುಡಿದು ಎದ್ದೆವು.

ನೀವೂ ಅಳಿಯನ ಜೊತೆ ಅಂಥ ಕಡೆ ಹೋಗುವವರಾದರೆ ಎರಡು ಮಾತು. ಟಿಪ್ಸ್ ಇಟ್ಟು ಬರಬೇಡಿ, ಅಲ್ಲಿ ಆ ಪದ್ಧತಿಯಿಲ್ಲ. ಮತ್ತೆ, ಮೂರನೆಯವರೊಬ್ಬರನ್ನು ಕರೆದುಕೊಂಡು ಹೋಗಿ, ಬಗ್ಗಿಸಿಕೊಡಲು ಬೇಕಾಗುತ್ತಾರೆ.