ಚಳಿಗಾಲದಲ್ಲಿ ಸ್ಪೋರ್ಟ್ಸ್ ಕಾರು: ಪೊನ್ನಂಪೇಟೆಯನ್ನು ಅನುಲಕ್ಷಿಸಿ ಒಂದು ತಾತ್ವಿಕ ಅನುಸಂಧಾನ

1. ಪೀಠಿಕೆ

ಪ್ರಸ್ತುತ ಪ್ರಬಂಧವು ‘ಚಳಿಗಾಲದಲ್ಲಿ ಸ್ಪೋರ್ಟ್ಸ್ ಕಾರು ಓಡಿಸಬಹುದೆ?’ ಎಂಬ ಪ್ರಶ್ನೆಯನ್ನು ಕೊಡಗಿನ ಪೊನ್ನಂಪೇಟೆಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುತ್ತದೆ. ಇಲ್ಲಿ ‘ಓಡಿಸುವಿಕೆ’ಯನ್ನು ಬರಿಯ ಕ್ರಿಯೆಯೆಂದು ನೋಡದೆ, ಚಲನಶೀಲತೆಯ ಬಹುಸ್ತರೀಯ ಸಂಕಥನವೆಂದು ನೋಡಲಾಗಿದೆ. ಹೀಗೆ ನೋಡುವುದರ ಲಾಭವೆಂದರೆ ಪ್ರಬಂಧ ಎರಡು ಪುಟ ಉದ್ದವಾಗುತ್ತದೆ.

2. ಪೂರ್ವಾಧ್ಯಯನಗಳ ಸಮೀಕ್ಷೆ

ಈ ಕ್ಷೇತ್ರದಲ್ಲಿ ಜರ್ಮನರದು ಅಗ್ರಸ್ಥಾನ. ವರ್ಷದ ಕೆಲವೇ ತಿಂಗಳು ಚಲಾವಣೆಯಲ್ಲಿರುವ ‘ಋತುಮಾನದ ನಂಬರ್ ಪ್ಲೇಟ್’ ಅಲ್ಲಿ 1997ರಿಂದ ಇದೆ. ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ಟಯರು ಸೆಡೆತು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಕಾರು ಶೆಡ್ಡಿನಲ್ಲಿ ಹೊದ್ದು ಮಲಗುತ್ತದೆ.

ಈ ಸಿದ್ಧಾಂತವನ್ನು ಪೊನ್ನಂಪೇಟೆಗೆ ಅನ್ವಯಿಸಹೊರಟ ಸಂಶೋಧಕನಿಗೆ ಕೆಲವು ತೊಡಕುಗಳು ಎದುರಾದವು. ಇಲ್ಲಿ ಹಿಮ ಬೀಳುವುದಿಲ್ಲ. ಉಪ್ಪನ್ನು ರಸ್ತೆಗೆ ಎರಚುವ ಸಂಪ್ರದಾಯವಿಲ್ಲ. ಅದನ್ನು ಪಂದಿ ಕರಿಗೆ ಹಾಕುತ್ತೇವೆ. ಡಿಸೆಂಬರಿನ ಬೆಳಗಿನ ಜಾವದಲ್ಲೂ ಸೆಡೆಯುವುದು ಟಯರಲ್ಲ, ಮಫ್ಲರ್ ಸುತ್ತಿಕೊಂಡು ಬಸ್ಸಿಗೆ ಕಾಯುವವರ ದವಡೆ. ನಮ್ಮಲ್ಲಿ ಕಾರನ್ನು ಒಳಗಿಡಬೇಕಾದದ್ದು ಮಳೆಗಾಲದ ಕಕ್ಕಡದಲ್ಲಿ. ಗದ್ದೆ ರಸ್ತೆಗೂ ರಸ್ತೆ ಗದ್ದೆಗೂ ಹೋಗಿಬರುವ ತಿಂಗಳು ಅದು. ಎಂದರೆ ಜರ್ಮನರ ಬೇಸಿಗೆಯೇ ನಮ್ಮ ಚಳಿಗಾಲ. ಇದು ವಸಾಹತೋತ್ತರ ಚಿಂತನೆಗೆ ಸಂದ ಮಹತ್ವದ ಕೊಡುಗೆಯೆಂದು ಭಾವಿಸಲಾಗಿದೆ. ಭಾವಿಸಿದವನು ನಾನೇ.

3. ರಸ್ತೆ ಉಬ್ಬುಗಳ ವರ್ಗೀಕರಣ

ಅ) ಶಾಸ್ತ್ರೋಕ್ತ ಉಬ್ಬು: ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂತ್ರದಂತೆ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟತಕ್ಕದ್ದು. ಇದು ಗ್ರಂಥಸ್ಥ ಪರಂಪರೆ.

ಆ) ದೇಸಿ ಉಬ್ಬು: ಕೆಲಸ ಮುಗಿದ ಸಂಜೆ ಉಳಿದ ಟಾರಿನಿಂದ ಹುಟ್ಟಿದ್ದು. ಇದು ಮೌಖಿಕ ಪರಂಪರೆ. ಕೈಯಿಂದ ಕೈಗೆ ಎತ್ತರ ಬದಲಾಗುತ್ತದೆ.

ಇ) ಋಣಾತ್ಮಕ ಉಬ್ಬು, ಅರ್ಥಾತ್ ಗುಂಡಿ.

ಈ) ಇದೂ ಗುಂಡಿ.

ಉ) ಇಲ್ಲಿಂದ ‘ಳ’ದವರೆಗೂ ಗುಂಡಿಗಳೇ ಇರುವುದರಿಂದ ವರ್ಗೀಕರಣವನ್ನು ಕೈಬಿಡಲಾಗಿದೆ.

ಬಹುತೇಕ ಸ್ಪೋರ್ಟ್ಸ್ ಕಾರುಗಳ ಹೊಟ್ಟೆ ನೆಲದಿಂದ 10ರಿಂದ 13 ಸೆಂ.ಮೀ. ಮೇಲಿರುತ್ತದೆ, ಥಾರ್ ಜೀಪಿನದು 22ಕ್ಕೂ ಹೆಚ್ಚು. ಹೀಗಾಗಿ ಶನಿವಾರ ಬೆಂಗಳೂರಿನಿಂದ ಹೊರಟು, ಹುಣಸೂರು ದಾಟಿ, ಆನೆಚೌಕೂರಿನ ಕಾಡಿಗೆ ತನ್ನ ಗುಟುರು ಕೇಳಿಸಿ ಬಂದ ಹಳದಿ ಕಾರು, ಗೋಣಿಕೊಪ್ಪಲಿನ ಆಚೆ ಒಂದು ದೇಸಿ ಉಬ್ಬಿನೆದುರು ಮದುಮಗಳಂತೆ ನಾಚಿ ನಿಲ್ಲುತ್ತದೆ. ಓರೆಯಾಗಿ ಒಂದು ಚಕ್ರ, ಆಮೇಲೆ ಇನ್ನೊಂದು. ಹಿಂದೆ ಕಾಫಿ ಕುಯ್ಲಿನವರನ್ನು ತುಂಬಿಕೊಂಡ ಪಿಕಪ್ ಹಾರ್ನ್ ಹೊಡೆಯುತ್ತಿರುತ್ತದೆ. ಇದನ್ನು ‘ಕೇಂದ್ರ ಮತ್ತು ಅಂಚುಗಳ ಸಂಘರ್ಷ’ ಎನ್ನಬಹುದು. ಹಿಂದಿನ ಪಿಕಪ್ಪಿನವರು ಬೇರೆ ಏನೋ ಅನ್ನುತ್ತಿದ್ದರು, ಅದು ಪ್ರಬಂಧಕ್ಕೆ ಒಗ್ಗುವುದಿಲ್ಲ.

4. ಅಧ್ಯಯನದ ಮಿತಿಗಳು

ಮುಖ್ಯ ಮಿತಿ ಮಂಜು. ಹತ್ತು ಮಾರು ದೂರದಾಚೆ ಏನೂ ಕಾಣುವುದಿಲ್ಲ. ಈ ಅದೃಶ್ಯತೆಯನ್ನು ಜ್ಞಾನಮೀಮಾಂಸೆಯ ನೆಲೆಯಲ್ಲಿ...

ಸಾಕು. ಈ ಭಾಷೆ ನಾನು ಕಲಿತದ್ದು ಎಲ್ಲಿಂದ ಎಂದು ಹೇಳಿಬಿಡುತ್ತೇನೆ. ಹಿಂದೊಮ್ಮೆ ಕುಯ್ಲಿನ ಕಾಲದಲ್ಲೇ ನಡೆದ ಎರಡು ದಿನದ ವಿಚಾರ ಸಂಕಿರಣದಲ್ಲಿ ಕುಳಿತಿದ್ದೆ. ವಿಷಯ, ಮಾನವ–ಆನೆ ಸಂಘರ್ಷ. ‘ಸಹಬಾಳ್ವೆಯ ಸಂಕಥನ’ ಬಂತು, ‘ಭೂದೃಶ್ಯದ ಮರುಕಲ್ಪನೆ’ ಬಂತು, ಮಧ್ಯಾಹ್ನ ಪಾಯಸವೂ ಬಂತು. ಬೆಳಗಿನ ಮಂಜಿನಲ್ಲಿ ಕೂಲಿಯವರ ಲೈನ್ ಮನೆಯಿಂದ ತೋಟಕ್ಕೆ ನಡೆಯುವ ಯರವ ಬುಡಕಟ್ಟಿನ ಹೆಂಗಸು, ಎದುರಿಗಿರುವುದು ಸಿಲ್ವರ್ ಓಕ್ ಮರವೋ ಆನೆಯ ಕಾಲೋ ಎಂದು ಹೇಗೆ ತಿಳಿಯಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಪಾಯಸ ಉಂಡು ಬಂದೆ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆ ಆನೆ ತುಳಿದು ಕಾರ್ಮಿಕರು ಸಾಯುವುದು ನಮಗೆ ಹೊಸ ಸುದ್ದಿಯಲ್ಲ. ಸತ್ತವರಿಗೆ ಪತ್ರಿಕೆಯಲ್ಲಿ ನಾಲ್ಕು ಸಾಲು. ಉದ್ದನೆಯ ವಾಕ್ಯಗಳೆಲ್ಲ ನಮ್ಮ ಪ್ರಬಂಧಗಳಿಗೆ ಮೀಸಲು.

ರಸ್ತೆಯ ಉಬ್ಬು ವೇಗವನ್ನಾದರೂ ತಗ್ಗಿಸುತ್ತದೆ. ಭಾಷೆ ಉಬ್ಬಿದರೆ ಅದರಡಿ ಒಬ್ಬ ಮನುಷ್ಯ ಸಿಕ್ಕಿಕೊಂಡದ್ದೂ ಕಾಣುವುದಿಲ್ಲ.

ಕೊಡಗಿಗೆ ರೈಲಿಲ್ಲ. ಕಾರಿನವನಿಗೂ ಕುಯ್ಲಿನವರಿಗೂ ಮೈಸೂರಿನ ಆಸ್ಪತ್ರೆಗೆ ಓಡುವ ರೋಗಿಗೂ ಆನೆಗೂ ಇರುವುದು ಈ ರಸ್ತೆಯೊಂದೇ. ಇವರಲ್ಲಿ ‘ಈ ಚಳಿಗಾಲ ಹೊರಡಲೋ ಬೇಡವೋ’ ಎಂದು ಯೋಚಿಸುವ ಸ್ವಾತಂತ್ರ್ಯ ಇರುವುದು ಒಬ್ಬನಿಗೆ.

5. ಉಪಸಂಹಾರ

ಅವನಿಗೆ ನನ್ನ ಉತ್ತರ: ಓಡಿಸಪ್ಪ. ಮಳೆ ಹೋಗಿದೆ, ಟಾರು ಒಣಗಿದೆ, ಹುತ್ತರಿ ಹಬ್ಬದ ಹೊಸ ಅಕ್ಕಿ ಮನೆಗೆ ಬಂದಿದೆ. ಮಂಜಿನಲ್ಲಿ ಲೈಟು ಡಿಮ್ಮಿನಲ್ಲಿರಲಿ. ಆನೆ ಕಂಡರೆ ನಿಲ್ಲು, ಹಾರ್ನ್ ಹೊಡೆಯಬೇಡ, ಫೋಟೋಗೆಂದು ಇಳಿಯಬೇಡ. ಅಂಚಿನಲ್ಲಿ ನಡೆಯುವವರ ಕಂಬಳಿ ಕಪ್ಪಗಿರುತ್ತದೆ, ನೋಡಿಕೊಂಡು ಹೋಗು.

‘ಈ ವಿಷಯದಲ್ಲಿ ಹೆಚ್ಚಿನ ಸಂಶೋಧನೆಗೆ ಅವಕಾಶವಿದೆ’ ಎಂದು ಮುಗಿಸುವುದು ಪದ್ಧತಿ. ಸಂಶೋಧನೆ ಬೇಡ. ಮಂಜು ಕರಗುವ ತನಕ ಕುಯ್ಲು ಒಂದು ಗಂಟೆ ತಡವಾಗಲಿ, ಕೂಲಿ ಮುರಿಯದಿರಲಿ. ಹಣ್ಣಾದ ರೊಬಸ್ಟಾ ಅಷ್ಟರಲ್ಲಿ ಗಿಡದಿಂದ ಉದುರಿಹೋಗುವುದಿಲ್ಲ.